ಎಷ್ಟಾಯ್ತು?

ಹನ್ನೊಂದು ವರ್ಷ
ಚೌಕಿಪೇಟೆಯ ಬಟ್ಟೆ ಅಂಗಡಿಯಲ್ಲಿ
ಮೀಟರು, ಡಜನ್ನು, ಬಾಕಿ, ಜಮೆ
ಪೈಸೆ ತಪ್ಪದಂತೆ ಬರೆದವಳು ನಾನು.
ಬಿಲ್ಲಿನ ಬೆನ್ನಿಗೆ, ಕಾರ್ಬನ್ನಿನ ನೀಲಿಯಲ್ಲಿ
ಗಿರಾಕಿಗಳ ಮೂಗು, ಕಿವಿಯೋಲೆ,
ಯಾವ ಸೀರೆಯೂ ಒಪ್ಪದ ಅತ್ತೆಯರ ಹುಬ್ಬು
ಕದ್ದು ಬರೆದವಳೂ ನಾನೇ.

ಆಗ ಯಾರೂ ಕೇಳುತ್ತಿರಲಿಲ್ಲ, ಎಷ್ಟಾಯ್ತು ಅಂತ.
ನಮ್ಮ ಓಣಿಯ ಅರ್ಧ ಗೋಡೆಗಳಲ್ಲಿ
ನನ್ನ ಪುಕ್ಕಟೆ ಚಿತ್ರಗಳಿವೆ:
ಪಂಪಣ್ಣನ ಸತ್ತ ನಾಯಿ,
ನಸೀಮಾಳ ಮಗನ ಬೊಚ್ಚುಬಾಯಿ,
ಡ್ರೈವರ್ ಹಾಲೇಶಪ್ಪನ ಲಾರಿ, ಇರುವುದಕ್ಕಿಂತ ಹೊಸದಾಗಿ.
ಕೂಲಿ ಅರ್ಧ ಲೋಟ ಚಾ,
ಮೇಲೊಂದು 'ಕೈಯಾಗೆ ಸರಸ್ವತಿ ಅದಾಳೆ ಬಿಡವ್ವ'.

ಲೆಕ್ಕದ ಪುಸ್ತಕ ಒಪ್ಪಿಸಿದ ದಿನ ಯಜಮಾನರು ಅಂದರು:
'ಆರು ತಿಂಗಳು ನೋಡು ವಿಶಾಲಾಕ್ಷಿ,
ಕುರ್ಚಿ ಖಾಲಿ ಇಟ್ಟಿರ್ತೀನಿ.'
ಇನ್ನೂ ಇಟ್ಟಿದ್ದಾರಂತೆ.
ಆ ದಾರಿಯಲ್ಲಿ ನಾನು ಹೋಗುವುದಿಲ್ಲ.

ಈಗ ಮಂಡಕ್ಕಿ ಭಟ್ಟಿಯ ಹಿಂದೆ
ಶಟರು ಅರ್ಧಕ್ಕೇ ಸಿಕ್ಕಿಕೊಳ್ಳುವ ಮಳಿಗೆ,
ಬಾಡಿಗೆ ಎರಡೂವರೆ ಸಾವಿರ.
ಯಾರೇ ಬಂದರೂ ಬಗ್ಗಿ ಬರಬೇಕು,
ಕಲಾವಿದೆಗೆ ಸಿಗುವ ನಮಸ್ಕಾರ ಅದೊಂದೇ.
ಭಟ್ಟಿಯ ಮಸಿ ಹಾರಿ ಬಂದು
ಒಣಗದ ಕೆನ್ನೆಯ ಮೇಲೆ ಕೂರುತ್ತದೆ.
ಒರೆಸಿದರೆ ಹರಡುತ್ತದೆ, ಬಿಟ್ಟರೆ ಮಚ್ಚೆ.
ಎಷ್ಟೋ ಜನ ಮಚ್ಚೆ ಹೊತ್ತು ಮನೆಗೆ ಹೋಗಿದ್ದಾರೆ.

ಮೊನ್ನೆ ದೋಸೆ ಹೋಟೆಲಿನ ಹುಡುಗ ಬಂದ,
ಕೈಯಲ್ಲಿ ರೇಷನ್ ಕಾರ್ಡಿನ ಜೆರಾಕ್ಸು.
'ನಮ್ಮವ್ವಂದು ಇದೊಂದೇ ಇರಾದು.'
ಹೆಬ್ಬೆಟ್ಟಿನಷ್ಟು ಕಪ್ಪು, ಅದರಲ್ಲಿ ಎರಡು ಬಿಳಿ ಚುಕ್ಕೆ.
ಮೂಗುತಿ ಎಡಕ್ಕೋ ಬಲಕ್ಕೋ, ಕೇಳಿದೆ.
ಬಹಳ ಹೊತ್ತು ನಿಂತ.
'ಗೊತ್ತಿಲ್ಲಕ್ಕ. ಒಲೆ ಮುಂದೆ ಕುಂತಿರ್ತಿದ್ಲು,
ಬೆನ್ನೇ ಜಾಸ್ತಿ ನೋಡೀನಿ.'

ಬೆನ್ನನ್ನೇ ಬರೆದೆ.
ಸಡಿಲ ತುರುಬು, ಬೆವರಿಗೆ ಅಂಟಿದ ರವಿಕೆ,
ಕಿವಿಯ ಅಂಚಿಗಷ್ಟೇ ಬೆಂಕಿಯ ಬೆಳಕು.

ಶನಿವಾರ ಬಂದು ನೋಡಿದ.
ಏನೂ ಅನ್ನಲಿಲ್ಲ. ಆಮೇಲೆ,
'ಎಷ್ಟಾಯ್ತಕ್ಕ?'

ಹನ್ನೊಂದು ವರ್ಷ ಬಾಯಲ್ಲೇ ಲೆಕ್ಕ ಕೂಡಿದವಳಿಗೆ
ನಾಲಿಗೆ ಒಣಗಿತು.
'ಇರ್ಲಿ ಬಿಡಪ್ಪ' ತುಟಿಯವರೆಗೆ ಬಂದಿತ್ತು.
ಬಣ್ಣದ ಅಂಗಡಿಯ ಬಾಕಿಯೂ ಬಂದಿತ್ತು.
ಎಂಟುನೂರು, ಅಂದೆ,
ಬೇರೆ ಯಾರದೋ ದನಿಯಲ್ಲಿ.

ಚೌಕಾಸಿ ಮಾಡಿದ್ದರೆ ಚೆನ್ನಾಗಿತ್ತು.
ಬೆಣ್ಣೆ ವಾಸನೆಯ ನೋಟು ಎಣಿಸಿಟ್ಟ,
ಅವನೆದುರೇ ನಾನು ಮತ್ತೆ ಎಣಿಸಿದೆ. ಚಾಳಿ.
ಅವ್ವನನ್ನು ಎರಡೂ ಕೈಯಲ್ಲಿ ಹಿಡಿದು
ಬಗ್ಗುವುದು ಮರೆತು
ಶಟರಿಗೆ ಹಣೆ ಬಡಿಸಿಕೊಂಡ, ನಕ್ಕ.

ರಸೀದಿಯ ಬೆನ್ನಿಗೆ ಆ ಹಣೆ ಬರೆಯುತ್ತಿದ್ದೆ.
ಮಸಿಯೊಂದು ಬಂದು ಕೂತಿತು.
ಇರಲಿ ಅಂದೆ.