ಏಳನೆಯ ವಿಷಯ

ತಿಂಗಳ ಎರಡನೆಯ ಮಂಗಳವಾರ, ಸಂಜೆ ಆರೂವರೆ.
ಪುರಭವನದ ನೆಲಮಾಳಿಗೆ. ಹೀಟರು ಕೆಮ್ಮುತ್ತದೆ.
ಬೀದಿ ಮತ್ತು ಕಾಮಗಾರಿ ಸಮಿತಿಯ ಐವರು,
ಹೊಸದಾಗಿ ಬಂದ ಎಂಜಿನಿಯರು,
ನಡಾವಳಿ ಬರೆಯುವ ನಾನು,
ಮತ್ತೆ ಕಾಫಿ, ಮಧ್ಯಾಹ್ನ ಕಾಸಿದ್ದು.

ಮಿನೆಸೋಟದ ಈ ಊರಲ್ಲಿ ಚಳಿಗಾಲ ಮುಗಿದದ್ದು
ಹೂವಿನಿಂದಲ್ಲ, ಗುಂಡಿಗಳಿಂದ ತಿಳಿಯುತ್ತದೆ.
ನೆಲದೊಳಗೆ ಹೆಪ್ಪುಗಟ್ಟಿದ ನೀರು
ಡಾಂಬರನ್ನು ರೊಟ್ಟಿಯ ಹಾಗೆ ಉಬ್ಬಿಸಿ
ಏಪ್ರಿಲಿನಲ್ಲಿ ಕೈಬಿಡುತ್ತದೆ.
ಆಮೇಲೆಲ್ಲ ಅರ್ಜಿಗಳು.

ಒಂದು: ಹಿಂದಿನ ಸಭೆಯ ನಡಾವಳಿ. ಒಪ್ಪಿಗೆ.
ಎರಡು: ಹಿಮ ತಳ್ಳುವ ಲಾರಿಗೆ ಹೊಸ ಅಲಗು.
ಮೂರು ಮುಂದಕ್ಕೆ ಹೋಯಿತು.
ನಾಲ್ಕರಲ್ಲಿ ಕರ್ಟಿಸ್ ಬೆಲ್ಯಾಂಜರ್
ಚರಂಡಿಯ ಜಾಲರಿಗೆ ಕಂಡಿ ಎಷ್ಟಗಲ ಎಂದು ಕೇಳಿದರು,
ಮೊಮ್ಮಗಳ ಸೈಕಲ್ಲಿನ ಗಾಲಿ ಎಷ್ಟು ಸಪೂರವೆಂದು
ಎರಡು ಬೆರಳಲ್ಲಿ ಹಿಡಿದು ತೋರಿಸಿ.
ಇಪ್ಪತ್ತು ನಿಮಿಷ ಹಿಡಿಯಿತು. ಜಾಲರಿ ಬದಲಾಗುತ್ತದೆ.
ಯಾರೂ ಇದನ್ನು ನೆನಪಿಡುವುದಿಲ್ಲ.
ಬೀಳದ ಮಗುವಿನ ಸುದ್ದಿ ಯಾವ ಪೇಪರಿನಲ್ಲೂ ಬರುವುದಿಲ್ಲ.
ಸಭೆಯೊಂದಕ್ಕೆ ಇವರ ಭತ್ಯೆ ಮೂವತ್ತೈದು ಡಾಲರು.

ಐದು, ಆರು ಬೇಗ ಬೇಗ.

ಏಳು: ಟ್ಯಾಮರಾಕ್ ಬೀದಿ.
ಅದರಡಿ ಅಜ್ಜಂದಿರ ಕಾಲದ ಕೊಳವೆ
ಯಾರ ಬಾಯಾರಿಕೆಯನ್ನೂ ತಣಿಸದೆ ಹಗಲೂ ರಾತ್ರಿ
ಮಣ್ಣಿಗೆ ಸೋರುತ್ತಿದೆ.
ಅಗೆಯಬೇಕು, ಬದಲಿಸಬೇಕು, ಮೇಲೆ ಸಮ ಮಾಡಬೇಕು.
ಮನೆಯ ಮುಂಭಾಗದ ಅಡಿಯೊಂದಕ್ಕೆ ಅರವತ್ತೆರಡು ಡಾಲರು.
ಮೂಲೆಮನೆಯ ವೆಸ್ನಾ ಮಾರೋಲ್ಟ್ ಎದ್ದುನಿಂತು
'ನನಗೇನು ಎರಡೂ ಕಡೆ ಲೆಕ್ಕವೆ?' ಎಂದರು.
ಎಂಜಿನಿಯರು ಅಡ್ಡಗೋಡೆಯ ಮೇಲೆ ದೀಪವಿಟ್ಟ.
ಅವನು ಅದನ್ನು ಒಂದು ಕಡೆಗೆ ಇಳಿಸುವ ತನಕ
ಆಕೆ ಕೂರಲಿಲ್ಲ.
'ಉದ್ದನೆಯ ಬದಿಗೆ ಅರ್ಧ' ಎಂದು ಬರೆದುಕೊಂಡೆ.

ಆಮೇಲೆ ಆರ್ವೊ ರೌಟಿಯೊ.
ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವರು,
ಟೋಪಿ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡು:
'ನಲವತ್ತನೇ ನಂಬರಿನ ಮನೆ ದಾಟಿದ ಮೇಲೆ ಒಂದು ಉಬ್ಬಿದೆ.
ಹದಿನೆಂಟು ಮೈಲಿ ವೇಗದಲ್ಲಿ ಹೋದರೆ ಏನೂ ಇಲ್ಲ.
ಇಪ್ಪತ್ತಾರರಲ್ಲಿ ಹೋದರೆ
ಕೊನೇ ಸಾಲಿನ ಮಕ್ಕಳು ಸೀಟು ಬಿಟ್ಟು ಏಳುತ್ತಾರೆ.
ಅಷ್ಟೇ. ಅದು ಹೋಗುತ್ತದಲ್ಲ, ಅಂತ.'
ಗಡಿಯಾರದಲ್ಲಿ ಅವರಿಗೆ ಇನ್ನೂ ಎರಡು ನಿಮಿಷ ಉಳಿದಿತ್ತು.
'ತಕರಾರೇ?' ಎಂದ ಎಂಜಿನಿಯರು.
'ಅಲ್ಲಪ್ಪ. ಹೇಳಬೇಕೆನಿಸಿತು.'

ಫಾರಮಿನಲ್ಲಿ ಇಂಥದಕ್ಕೆ ಜಾಗವಿಲ್ಲ.
ಪರ, ವಿರೋಧ. ಎರಡೇ ಚೌಕ.

ಅಧ್ಯಕ್ಷೆ ಲೋರ್ನಾ ಪಿಯೆಟಿಲಾ ಕಾಗದದಿಂದ ತಲೆಯೆತ್ತದೆ
'ಶುಕ್ರವಾರ' ಎಂದರು.
'ಏನಂದಿರಿ?'
'ಶುಕ್ರವಾರ ಮಾತ್ರ ಇಪ್ಪತ್ತಾರು. ಉಳಿದ ದಿನ ಹದಿನೆಂಟು.
ವಾರವಿಡೀ ಕಾಯುತ್ತಿದ್ದೆವು.'
ಮುದುಕನ ಕಿವಿ ಕೆಂಪಾಯಿತು.
ಯಾರೋ ಕೆಮ್ಮಿದರು; ಈ ಸಲ ಹೀಟರಲ್ಲ.

ಮತಕ್ಕೆ ಹಾಕಿದರು. ಐದಕ್ಕೆ ಐದು.
ಮೊದಲು ಎದ್ದದ್ದು ಲೋರ್ನಾರ ಕೈಯೇ.
ಕೆಳಗೆ ನೀರು ಸೋರುತ್ತಿರುವಾಗ
ಮೇಲಿನ ನಗುವನ್ನು ಎಲ್ಲಿ ಅಂತ ಇಡುವುದು?

ನಾನು ಬರೆದದ್ದು ಮೂರು ವಾಕ್ಯ:
ಸಾರ್ವಜನಿಕರೊಬ್ಬರು ಅನಿಸಿಕೆ ತಿಳಿಸಿದರು.
ಚರ್ಚೆಯಾಯಿತು.
ಅಂಗೀಕರಿಸಲಾಯಿತು.

ಬೀಗ ಹಾಕಿ ಹೊರಡುವಾಗ ಒಂಬತ್ತೂ ಮುಕ್ಕಾಲು.
ನನ್ನ ಮನೆಗೆ ಅದು ದಾರಿಯಲ್ಲ, ಆದರೂ
ಟ್ಯಾಮರಾಕ್ ಕಡೆ ತಿರುಗಿದೆ. ಬೇರೆ ಊರಲ್ಲಿ ಬೆಳೆದವನು,
ಆ ಬಸ್ಸು ಹತ್ತಿದವನಲ್ಲ.
ಮುಂದೆ ಹೋಗುತ್ತಿದ್ದ ಎರಡು ಕೆಂಪು ದೀಪ
ನಲವತ್ತರ ಮನೆ ದಾಟಿ ಒಮ್ಮೆ ನೆಗೆದು
ಕೆಳಗಿಳಿದವು.
ಯಾರ ಕಾರೆಂದು ನೋಡಲು ಹೋಗಲಿಲ್ಲ.
ಮುಳ್ಳನ್ನು ಇಪ್ಪತ್ತಾರಕ್ಕೆ ತಂದೆ.
ಹೊಟ್ಟೆಯೊಳಗೆ ಝುಮ್ಮೆಂದಿತು. ಡಿಕ್ಕಿಯಲ್ಲಿ
ಕಡತದ ಪೆಟ್ಟಿಗೆ ಧಡಾರನೆ ಉರುಳಿತು.

ಆಚೆ ನಿಲ್ಲಿಸಿ, ಇಳಿದು, ಹಿಂದಕ್ಕೆ ನಡೆದು ನೋಡಿದೆ:
ಉಬ್ಬಿನ ನೆತ್ತಿಯ ಮೇಲೆ, ಅಗೆಯುವ ಗುರುತಿಗೆ
ಕಿತ್ತಳೆ ಬಣ್ಣದ ಒಂದು ಕತ್ತರಿ.
ಚೆನ್ನಾಗಿ ಒಣಗಿತ್ತು.
ಕೈಯೆತ್ತುವ ಮೊದಲೇ
ಯಾರೋ ಬಳಿದಿದ್ದರು.