ಹೊತ್ತ ಕೂಲಿ

ಗ್ರೀಷಾನ ಹಳೆಯ ಝಿಗುಲಿ ಕಾರಿಗೆ ಹಿಂದಿನ ಸೀಟೇ ಇರಲಿಲ್ಲ.
ಅಲ್ಲಿ ಪೆಟ್ಟಿಗೆಗಳು, ಪೆಟ್ಟಿಗೆಗಳ ಸಂದಿಯಲ್ಲಿ ನಾನು:
ಒಂಬತ್ತು ವರ್ಷ, ಅಣ್ಣನ ಬೂಟು, ಆರದ ನೆಗಡಿ.
ಬೆಲ್ಟ್ಸಿ ಊರಿಗೆ ಆ ಏಪ್ರಿಲಿನಲ್ಲಿ
ದಿನಕ್ಕೆ ಎರಡೇ ತಾಸು ಕರೆಂಟು.
ಜರದಾಳು ಮರಗಳು ಮಾತ್ರ ಯಾರನ್ನೂ ಕೇಳದೆ
ಬೆಳ್ಳಗೆ ಹೂಬಿಟ್ಟು ನಿಂತಿದ್ದವು.

ಪೇಸಖ್ ಹಬ್ಬಕ್ಕೆ ಇನ್ನು ಮೂರು ದಿನ.
ಪೆಟ್ಟಿಗೆಗೆ ಎರಡು ಕಟ್ಟು ಮಾತ್ಸಾ, ಹುಳಿ ಸೋಕದ ರೊಟ್ಟಿ,
ಎಣ್ಣೆ, ಸಕ್ಕರೆ, ಚಹಾಪುಡಿ, ಡಬ್ಬಿ ಮೀನು,
ಒಂದು ಶೀಷೆ ದ್ರಾಕ್ಷಾರಸ,
ಕಣ್ಣೀರು ತರಿಸಲೆಂದೇ ಒಂದು ಖಾರದ ಬೇರು, ಮಣ್ಣು ಸಮೇತ.
ಗ್ರೀಷಾನ ಮೊಣಕಾಲಿಗೆ ಮೆಟ್ಟಿಲು ಆಗದು.
ಹತ್ತುವ ಕಾಲು ನನ್ನದು.
"ತಟ್ಟು, ಇಡು, ಇಳಿದು ಬಾ.
ನಿಂತರೆ ಅವರು ಧನ್ಯವಾದ ಹೇಳಬೇಕಾಗುತ್ತೆ.
ಆ ಕಷ್ಟ ಯಾಕೆ ಕೊಡ್ತೀಯ?"

ಒಬ್ಬ ಬಾಗಿಲ ಸಂದಿಯಿಂದ ಕೈ ಮಾತ್ರ ಚಾಚಿದ.
ಒಬ್ಬಳು, ಹಿಂದೆ ಭೂಗೋಳ ಕಲಿಸುತ್ತಿದ್ದವಳಂತೆ,
"ಸಾಲ ಪಡೆದಿದ್ದೇನೆ" ಎಂದು ಚೀಟಿ ಬರೆದು
ತಾರೀಖು ಹಾಕಿ, ಸಹಿ ಮಾಡಿ, ಕೈಗಿತ್ತಳು.
ಗ್ರೀಷಾ ಅದನ್ನು ಮಡಚಿ ಟೋಪಿಯೊಳಗೆ ಸಿಕ್ಕಿಸಿದ.
ಅಲ್ಲಿ ಹೋದ ವರ್ಷದ್ದೂ ಇತ್ತು.

ಖಾಯಾ ಮೊಯ್ಸೆಯೆವ್ನಾ ಇದ್ದದ್ದು ಐದನೇ ಮಹಡಿ.
ನಾನು ಓಡುವ ಮೊದಲೇ ಬಾಗಿಲು ತೆಗೆದುಬಿಟ್ಟಳು.
ಕೋಟು ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ದುಡಿದ ಬೆರಳು
ಮೊದಲು ಮುಟ್ಟಿದ್ದು ಪೆಟ್ಟಿಗೆಯನ್ನಲ್ಲ,
ನನ್ನ ಕೋಟಿನಲ್ಲಿ ಗುಂಡಿ ಇಲ್ಲದ ಜಾಗವನ್ನು.
"ಅಲ್ಲಾಡಬೇಡ."
ಕಣ್ಣು ಮಂಜು. ಸೂಜಿಗೆ ದಾರ ನಾನೇ ಪೋಣಿಸಿದೆ.
ಕಪ್ಪು ಕೋಟಿಗೆ ಹಸಿರು ಗುಂಡಿ.

ಹೊಲಿಯುತ್ತ ಹೇಳಿದಳು, ನನಗಲ್ಲ, ಗುಂಡಿಗೆ:
ಹಬ್ಬದ ರಾತ್ರಿ ನಾಲ್ಕು ಪ್ರಶ್ನೆ ಕೇಳಬೇಕು ಮನೆಯ ಕಿರಿಯದು,
ಉತ್ತರ ಹೇಳಬೇಕು ಹಿರಿಯದು.
ಒಬ್ಬಳೇ ಇದ್ದರೆ?
ಒಬ್ಬಳೇ ಇದ್ದರೂ ಕೇಳಿಕೊಳ್ಳಬೇಕು, ಕಟ್ಟಳೆ.
"ಹನ್ನೊಂದು ವರ್ಷದಿಂದ ಈ ಮನೆಯ ಕಿರಿಯದೂ ನಾನೇ."

ಪಟ್ಟಿಯಲ್ಲಿ ಅದು ಇರಲಿಲ್ಲ.
ಭಾನುವಾರದ ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದರು,
ಅರ್ಥ ಒಂದಕ್ಕೂ ತಿಳಿಯದು.
ಗೋಡೆಗೆ ಬೆನ್ನು ಕೊಟ್ಟು ಕೇಳಿದೆ.
ಮೂರನೆಯದರಲ್ಲಿ ಎಡವಿ, ಮತ್ತೆ ಮೊದಲಿನಿಂದ.
ಕೆಳಗೆ ಗ್ರೀಷಾ ಹಾರ್ನ್ ಒತ್ತುತ್ತಲೇ ಇದ್ದ.
ಅವಳು ದಾರವನ್ನು ಹಲ್ಲಲ್ಲಿ ಕಡಿದಳು.
ಉತ್ತರ ಹೇಳಲಿಲ್ಲ.
"ಇನ್ನೂ ಮೂರು ದಿನ ಇದೆಯಲ್ಲ,
ಯೋಚಿಸಿ ಇಟ್ಟಿರ್ತೇನೆ" ಅಂದಳು.

ಕತ್ತಲಾಯಿತು. ಗ್ರೀಷಾ ಕಡ್ಡಿ ಗೀರಿ ಪಟ್ಟಿ ಓದುತ್ತಿದ್ದ,
ಮುಗಿದ ಹೆಸರಿಗೊಂದು ಗೀಟು.
ಮೂವತ್ತೊಂದನೇ ಸಾಲು ನನಗೂ ಕಂಡಿತು:
ನಮ್ಮ ಬೀದಿ. ನಮ್ಮ ಮನೆ. ಮಕ್ಕಳು, ಮೂರು.
ಬೆರಳು ಸುಡುವ ಮೊದಲೇ
ಅವನು ಕಡ್ಡಿ ಊದಿಬಿಟ್ಟ.

ಕಾರನ್ನು ತಿರುವಿನಲ್ಲೇ ನಿಲ್ಲಿಸಿ
ಕೊನೆಯ ಪೆಟ್ಟಿಗೆ ನನ್ನ ತೋಳಿಗೆ ಹೇರಿದ.
"ತಗೋ, ನಿನ್ನ ಕೂಲಿ. ದಿನವೆಲ್ಲ ಹೊತ್ತೆ.
ಮಗ ದುಡಿದದ್ದು ಅಂತ ಅಮ್ಮನಿಗೆ ಹೇಳು."
ಅಷ್ಟೇ. ಝಿಗುಲಿ ಕೆಮ್ಮುತ್ತ ಹೊರಟುಹೋಯಿತು.

ಅಡುಗೆಮನೆಯ ಮೇಣದಬತ್ತಿಯೆದುರು
ಹೇಳಿದೆ, ಹೇಳಿಕೊಟ್ಟಂತೆಯೇ.
ಅಮ್ಮ ನನ್ನ ಮುಖ ನೋಡಿದಳು, ಆಮೇಲೆ ಹಸಿರು ಗುಂಡಿ.
ಪಟ್ಟಿಗೆ ಹೆಸರು ಬರೆಸಿದವಳು
ಅವಳಲ್ಲದೆ ಇನ್ಯಾರು?
"ಭಾರ ಇತ್ತಾ?" ಅಂತ ಕೇಳಿದಳು.
"ಇತ್ತು" ಅಂದೆ.

ಆಮೇಲೆ ಇಬ್ಬರೂ ಕೂತು ಪೆಟ್ಟಿಗೆ ಬಿಚ್ಚಿದೆವು,
ದಾರ ಕತ್ತರಿಸದೆ, ಒಂದೊಂದೇ ಗಂಟು.
ಹಾಗೆ ಬಿಚ್ಚಿದ ದಾರ
ಮುಂದೆ ಯಾವುದಕ್ಕಾದರೂ ಬರುತ್ತೆ
ಅನ್ನುತ್ತಿದ್ದಳು ಅಮ್ಮ.