ಗುರುವಾರದ ಮನೆ

ಟಿಬಿಲಿಸಿಯ ನೆಲಮಾಳಿಗೆ ಬೇಕರಿಯಲ್ಲಿ
ಖಾಲಿ ಹಿಟ್ಟಿನ ಚೀಲ ಸೀಳಿ, ಮಗುಚಿ
ಚೌಕಾಬಾರದ ಹಾಗೆ
ಏಳು ಮನೆ ಗೀಚಿದ್ದಾಳೆ ತ್ಸಿಯೂರಿ.

ಸೋಮವಾರ, ಒಲೆಯ ಬಾಯಿ, ನಸುಕಿನ ಐದಕ್ಕೆ.
ಮಂಗಳವಾರ ನನ್ನ ಕೈ. ಬೇಡ,
ಸುಟ್ಟ ಕಲೆ ನೋಡಿ ಯಾರು ಕೊಳ್ಳುತ್ತಾರೆ?
‘ಅದನ್ನೇ ಹಾಕು ದೊಡ್ಡಮ್ಮ,
ಲೈಕು ಬರೋದೇ ಅದಕ್ಕೆ’ ಎಂದ ಮಿಂದಿಯಾ.
ಬುಧವಾರ ಕಾಳು ತುಂಬಿದ ರೊಟ್ಟಿ, ಎರಡಕ್ಕೆ ರಿಯಾಯಿತಿ.

ಗುರುವಾರ
ಮೂರನೇ ಮಹಡಿಯ ಎತೇರಿ ಇಳಿದು ಬರುತ್ತಾರೆ,
ನಿನ್ನೆಯದು ಉಳಿದಿದೆಯಾ ಎಂದು ಕೇಳಿ
ಇವತ್ತಿನದನ್ನು ಒಯ್ಯುತ್ತಾರೆ.
‘ಎಂಥ ಕತೆ! ವಿಡಿಯೋ ಮಾಡೋಣ?’

ಅವಳು ಮಾತಾಡದೆ
ಆ ಮನೆಯ ಮೇಲೆ ಉಪ್ಪಿನ ಡಬ್ಬಿ ಇಟ್ಟಳು.

ಶುಕ್ರವಾರ ಬರೆಯುವಷ್ಟರಲ್ಲಿ ರೊಟ್ಟಿ ಸೀಯುವ ವಾಸನೆ.
ಆಮೇಲೆ ಎಷ್ಟು ಒತ್ತಿದರೂ
ಹಿಟ್ಟು ಮೆತ್ತಿದ ಬೆರಳನ್ನು
ಫೋನು ಗುರುತು ಹಿಡಿಯಲಿಲ್ಲ.